ಫ್ರೇಮಿನ ಹಿಂದಿನ ಲಕೋಟೆ

ಹೋದ ತಿಂಗಳು ಮನೆ ಖಾಲಿ ಮಾಡುವಾಗ ಗೋಡೆಯಿಂದ ಮಗಳ ಚಿತ್ರವನ್ನು ಇಳಿಸಿದೆ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಿನಲ್ಲಿ ಏಳು ವರ್ಷ ತೂಗಿದ ಚಿತ್ರ, ಇನ್ನು ಬನಿಯಾಸ್‌ನ ಹೊಸ ಮನೆಗೆ ಹೋಗಬೇಕಿತ್ತು. ಹಿಂಬದಿಗೆ ಅಂಟಿಸಿದ ಕಂದು ಕಾಗದ ಒಂದು ಮೂಲೆಯಲ್ಲಿ ಎದ್ದು ನಿಂತಿತ್ತು. ಮೂಗಿನ ಹತ್ತಿರ ತಂದಾಗ ಲವಂಗದ ವಾಸನೆ ಬಂತು, ಬಹಳ ಸಣ್ಣಗೆ... ಹುಳ ಹಿಡಿಯಬಾರದೆಂದು ಮೈದಾ ಅಂಟಿಗೆ ಲವಂಗ ಕುದಿಸಿ ಹಾಕುವವರು ದುಬೈನ ಕರಾಮದಲ್ಲಿ ಒಬ್ಬರೇ ಇದ್ದರು. ನಾನು ಆ ಫ್ರೇಮನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತುಬಿಟ್ಟೆ. ಪ್ಯಾಕಿಂಗ್‌ನವರು ಬಂದು ಬಾಗಿಲು ಬಡಿಯುವವರೆಗೂ ಏಳಲಿಲ್ಲ.

ಅವರನ್ನು ನಮ್ಮ ಗಲ್ಲಿಯಲ್ಲಿ ಎಲ್ಲರೂ ಫ್ರೇಮ್ ಚಾಚಾ ಎನ್ನುತ್ತಿದ್ದರು. ಭಟ್ಕಳದವರು, ಮನೆಮಾತು ನವಾಯತಿ. ಊರಿನ ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದರು, ಅಕ್ಷರ ಮುತ್ತಿನಂತಿತ್ತು. ಆಗ ನಾವು ಕರಾಮದ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿದ್ದೆವು. ಕೆಳಗೆ ದರ್ಜಿ ಅಂಗಡಿ, ಅದರ ಪಕ್ಕಕ್ಕೆ ಇವರದು. ನಾನು ದುಬೈನ ಗೋದಾಮುಗಳ ಕಡೆ ಇದ್ದ ಒಂದು ಸಣ್ಣ ಆರ್ಟ್ ಗ್ಯಾಲರಿಯಲ್ಲಿ ಕೋ-ಆರ್ಡಿನೇಟರ್. ಹೆಸರು ದೊಡ್ಡದು, ಕೆಲಸ ಮಾತ್ರ ಚಿತ್ರ ಹೊರಿಸುವುದು, ಇಳಿಸುವುದು, ಗುರುವಾರ ಸಂಜೆಯ ಮಾತುಕತೆಗಳಿಗೆ ಕುರ್ಚಿ ಹಾಕಿಸುವುದು. ಗ್ಯಾಲರಿಗೆ ಫ್ರೇಮ್ ಮಾಡಿಸಲು ಜನ ಬೇಕೆಂದಾಗ ನಾನೇ ಚಾಚಾರ ಹೆಸರು ಹೇಳಿದ್ದು. ಮೊದಲ ದಿನ "ಮೇಡಂ" ಎಂದರು. ಉಡುಪಿಯವಳೆಂದು ತಿಳಿದ ಮೇಲೆ "ಹಾಗಾದ್ರೆ ನಮ್ಮ ಕಡೆಯವಳೇ" ಎಂದು "ತಂಗಿ" ಎನ್ನಲು ಶುರು ಮಾಡಿದರು.

ಅವರ ಅಂಗಡಿಗೆ ಒಂದು ಪದ್ಧತಿ ಇತ್ತು. ಗಿರಾಕಿ ತಂದ ಕಾಗದದಿಂದ ಏನೇ ಕತ್ತರಿಸಲಿ, ಕೂದಲೆಳೆಯಷ್ಟೇ ಇರಲಿ, ಅದನ್ನು ಬುಟ್ಟಿಗೆ ಹಾಕುತ್ತಿರಲಿಲ್ಲ. ಒಂದು ಲಕೋಟೆಯಲ್ಲಿಟ್ಟು, ಏನು ಕತ್ತರಿಸಿದೆ, ಯಾರು ಹೇಳಿ ಕತ್ತರಿಸಿದೆ ಎಂದು ಚೀಟಿ ಬರೆದು, ಗಿರಾಕಿಯ ಸಹಿ ಹಾಕಿಸಿ, ಫ್ರೇಮಿನ ಹಿಂಬದಿಗೆ ಅಂಟಿಸುತ್ತಿದ್ದರು. "ಜನರ ವಸ್ತು ತಂಗಿ. ನಾನು ಬಿಸಾಡ್ಲಿಕ್ಕೆ ಯಾರು?" ಎನ್ನುವರು. ನಾನು ತಮಾಷೆ ಮಾಡುತ್ತಿದ್ದೆ, ನಿಮ್ಮದು ಅಂಗಡಿಯಲ್ಲ ಚಾಚಾ, ರಿಜಿಸ್ಟ್ರಾರ್ ಆಫೀಸು ಎಂದು.

ಗ್ಯಾಲರಿಯ ಚಿತ್ರಗಳ ಬಗ್ಗೆ ನಮ್ಮಿಬ್ಬರ ಜಗಳ ಮುಗಿಯುತ್ತಲೇ ಇರಲಿಲ್ಲ. ಒಮ್ಮೆ ಬಿಳಿ ಕ್ಯಾನ್‌ವಾಸಿನ ಮೇಲೆ ಒಂದೇ ಒಂದು ಕಪ್ಪು ಗೆರೆ ಇದ್ದ ಚಿತ್ರವನ್ನು ಕೊಟ್ಟೆ. ಇವರು ನಗುತ್ತಾರೆಂದು ನಾನು ಕಾದು ನಿಂತಿದ್ದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ನೆಟ್ಟಗಿಲ್ಲ. ಕೈ ನಡುಗಿದೆ. ಹೆದರ್ಕೊಂಡೇ ಎಳೆದದ್ದು... ಒಳ್ಳೆ ಚಿತ್ರ" ಎಂದರು. ಎಂ.ಎ. ಮಾಡಿ ಕ್ಯಾಟಲಾಗ್ ಬರೆಯುತ್ತಿದ್ದ ನನಗೆ ಆ ನಡುಕ ಕಂಡೇ ಇರಲಿಲ್ಲ. ಸಿನಿಮಾದ ವಿಷಯದಲ್ಲೂ ಹಾಗೇ. ಇಲ್ಲಿನ ಹೊಸ ಹುಡುಗ ಹುಡುಗಿಯರು ಸಣ್ಣ ಸಣ್ಣ ಸಿನಿಮಾ ಮಾಡಲು ಹೊರಟಿದ್ದ ಕಾಲ ಅದು. ಪಾಸ್ ಸಿಕ್ಕಾಗೆಲ್ಲ ಚಾಚಾರಿಗೆ ಕೊಡುತ್ತಿದ್ದೆ. ತಪ್ಪದೆ ಹೋಗಿ ನೋಡಿ ಬರುವರು. ಅವರದು ಒಂದೇ ದೂರು: "ಕಾರು ಓಡ್ತದೆ, ಸಮುದ್ರ ಕಾಣ್ತದೆ, ನಮ್ಮಂಥವರು ಚಾ ತಂದಿಟ್ಟು ಹೋಗ್ತಾರೆ. ಮುಖ ತಿರುಗಿಸುವಷ್ಟರಲ್ಲಿ ಖಲಾಸ್, ಕಟ್. ಆ ಕತ್ತರಿಸಿದ್ದನ್ನೆಲ್ಲ ಅವರು ಎಲ್ಲಿಡ್ತಾರೆ ತಂಗಿ?"

ಆ ಪ್ರಶ್ನೆ ನನಗೆ ಬಹಳ ಹಿಡಿಸಿತು. ಚೌಕಟ್ಟಿನ ಬಗ್ಗೆಯೇ ಒಂದು ಗುರುವಾರದ ಮಾತುಕತೆ ಇಡೋಣ ಎಂದು ಗ್ಯಾಲರಿಯ ಒಡತಿಗೆ ಹೇಳಿದೆ. ಒಬ್ಬ ಕಲಾವಿದೆ, ಒಬ್ಬ ಸಿನಿಮಾ ನಿರ್ದೇಶಕ, ಜೊತೆಗೆ ಒಬ್ಬ ಫ್ರೇಮ್ ಕಟ್ಟುವವರು. ಒಡತಿ ಕುಣಿದು ಒಪ್ಪಿದಳು. ಚಾಚಾ ಕನ್ನಡದಲ್ಲಿ ಹೇಳುವುದು, ನಾನು ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ಹೇಳುವುದು ಎಂದು ಮಾತಾಯಿತು. ಅವರು ಹೊಸ ಶರ್ಟು ಹೊಲಿಸಿಕೊಂಡರು.

ಇನ್ನು ನನ್ನ ಮನೆಯ ಸ್ಥಿತಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ವರ್ಷವೇ ಗಂಡನ ಕಂಪನಿ ಬಾಗಿಲು ಹಾಕಿತ್ತು. ಅವನ ವೀಸಾ ರದ್ದಾಗುವುದರಲ್ಲಿತ್ತು. ಮಗಳು ಎರಡನೇ ಕ್ಲಾಸಿನಲ್ಲಿದ್ದಳು. ನನ್ನ ಕೆಲಸವೊಂದು ಹೋದರೆ ಮೂವರೂ ಗಂಟುಮೂಟೆ ಕಟ್ಟಿ ವಿಮಾನ ಹತ್ತಬೇಕು. ಒಡತಿ ಕೆಮ್ಮಿದರೂ ಬೆಚ್ಚಿಬೀಳುತ್ತಿದ್ದೆ.

ಹೀಗಿರುವಾಗ ಆ ಕಲಾವಿದೆಯ ಕೆಲಸ ಬಂತು. ಶಾರ್ಜಾದವಳು, ಮಾತು ಕಡಿಮೆ. ಕೈಯಿಂದ ತಯಾರಿಸಿದ ದೊಡ್ಡ ಕಾಗದದ ಮೇಲೆ ಅಜ್ಜಿಯ ಹಳೇ ಮನೆಯ ಗೋಡೆಗಳನ್ನು ಪೆನ್ಸಿಲಿನಲ್ಲಿ ಬರೆದಿದ್ದಳು. ಸುರುಳಿಯನ್ನು ಗ್ಯಾಲರಿಯ ಸ್ಟೋರಿನಲ್ಲಿ ಇಟ್ಟು ಅವಳು ಪರದೇಶಕ್ಕೆ ಹೋದಳು. ವಾರದ ನಂತರ ಬಿಚ್ಚಿ ನೋಡಿದರೆ ಎಡದ ಅಂಚಿನಲ್ಲಿ ಉದ್ದಕ್ಕೂ ಕಂದು ಕಲೆ, ಎರಡು ಬೆರಳಗಲ! ತಲೆಯೆತ್ತಿದರೆ ಮೇಲೆಯೇ ಏಸಿ. ಅದು ತೊಟ್ಟಿಕ್ಕುತ್ತದೆ ಎಂದು ಹಿಂದಿನ ವಾರವೇ ಗೊತ್ತಿತ್ತು, ಮೆಕ್ಯಾನಿಕ್‌ಗೆ ಫೋನ್ ಮಾಡಬೇಕಾದವಳು ನಾನೇ, ಮಾಡಿರಲಿಲ್ಲ. ಸುರುಳಿ ಸುತ್ತಿಕೊಂಡು ಟ್ಯಾಕ್ಸಿ ಹಿಡಿದು ನೇರ ಚಾಚಾರ ಅಂಗಡಿಗೆ ಹೋದೆ. ಏಸಿ ನೀರು ಬಿದ್ದಿದೆ, ಈ ಅಂಚನ್ನು ನೀಟಾಗಿ ತೆಗೆದುಬಿಡಿ ಎಂದೆ.

ಅವರು ಕಾಗದವನ್ನು ಬೆಳಕಿಗೆ ಹಿಡಿದರು. ಅಂಚಿನ ಮೇಲೆ ಬೆರಳು ಸವರಿ, ಬೆರಳನ್ನು ನೋಡಿಕೊಂಡರು.

"ಇದು ಏಸಿ ನೀರಲ್ಲ ತಂಗಿ. ಇದು ಉಪ್ಪು. ನಾನು ಸಮುದ್ರದ ಬುಡದಲ್ಲಿ ಹುಟ್ಟಿದವ, ನಮ್ಮನೆ ಗೋಡೆಗೂ ಹೀಗೇ ಏರ್ತಿತ್ತು. ಬರೆದವಳನ್ನು ಕೇಳಿದ್ಯಾ?"

"ಕೇಳಿದ್ದೇನೆ ಚಾಚಾ."

ಕೇಳಿರಲಿಲ್ಲ. ಕೇಳಿದರೆ ಏಸಿಯ ವಿಷಯ ಹೊರಬರುತ್ತದಲ್ಲ! ಅವರು ಇನ್ನೊಮ್ಮೆ ನನ್ನ ಮುಖ ನೋಡಿದರು. ಆಮೇಲೆ ಚೀಟಿ ಮುಂದೆ ತಳ್ಳಿ, "ಹಾಗಾದ್ರೆ ನೀನೇ ಬರಿ" ಎಂದರು. "ಎಡ ಅಂಚು ಎರಡು ಬೆರಳು ತೆಗೆಯುವುದು, ಕಲಾವಿದೆಯ ಒಪ್ಪಿಗೆ ಇದೆ" ಎಂದು ಬರೆದು ಸಹಿ ಹಾಕಿದೆ. ಸ್ಟೀಲ್ ಪಟ್ಟಿ ಇಟ್ಟು ಬ್ಲೇಡ್ ಎಳೆದು, ಕತ್ತರಿಸಿದ ಅಂಚನ್ನೂ ಚೀಟಿಯನ್ನೂ ಲಕೋಟೆಗೆ ಹಾಕಿದರು.

ಗುರುವಾರ ಬೆಳಿಗ್ಗೆ ಕಲಾವಿದೆ ವಿಮಾನ ಇಳಿದು ನೇರ ಗ್ಯಾಲರಿಗೆ ಬಂದಳು. ಚಿತ್ರದ ಮುಂದೆ ನಿಂತು ಎಡ ಅಂಚಿನ ಗಾಜಿನ ಮೇಲೆ ಬೆರಳಿಟ್ಟಳು. ಅಜ್ಜಿಯ ಮನೆಯ ಗೋಡೆ ಕೆಡವುವ ಮುಂಚೆ ಆ ಕಾಗದದ ಅಂಚನ್ನು ಗೋಡೆಗೆ ಆನಿಸಿಟ್ಟು ಉಪ್ಪು ಏರಲು ಬಿಟ್ಟಿದ್ದಳಂತೆ, ಮೂರು ತಿಂಗಳು. ಪೆನ್ಸಿಲಿನದೆಲ್ಲ ನೆನಪಿನಿಂದ ಬರೆದದ್ದು, ಆ ಮನೆಯದೆಂದು ಉಳಿದಿದ್ದುದು ಆ ಎರಡು ಬೆರಳು ಮಾತ್ರ. ಇದನ್ನು ಅವಳು ಕೂಗಾಡದೆ ಹೇಳಿದಳು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಒಡತಿ ನನ್ನ ಕಡೆ ತಿರುಗಿ "ಯಾರು ಹೇಳಿದ್ದು ಕತ್ತರಿಸಲು?" ಎಂದಳು. ನನಗೆ ಗೊತ್ತಿಲ್ಲ ಎಂದೆ. ಸಂಜೆ ಫ್ರೇಮಿನವನು ಬರುತ್ತಾನಲ್ಲ, ಅವನನ್ನೇ ಕೇಳೋಣ ಎಂದಳು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ನಾನು ಉಪವಾಸವೆಂದು ಸುಳ್ಳು ಹೇಳಿ ಉಳಿದೆ. ಚಿತ್ರ ಇಳಿಸಿ ಬೋರಲು ಹಾಕಿದೆ. ಕಂದು ಕಾಗದದ ಮೇಲೆ, ಕೆಳಗಿನ ಬಲಮೂಲೆಯಲ್ಲಿ, ಉದ್ದನೆಯ ಲಕೋಟೆ. ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆಯಬೇಕೆಂದುಕೊಂಡೆ, ಆದರೆ ಚಾಚಾರ ಅಂಟು ಬಿಡಲೊಲ್ಲದು. ಉಗುರಿನಿಂದ ಎಬ್ಬಿದೆ. ಕಾಗದದ ಪದರ ಕಿತ್ತು ಬಂದು ಅಲ್ಲಿ ಬಿಳಿ ಗಾಯದಂಥ ಗುರುತು ಉಳಿಯಿತು. ಲಕೋಟೆಯನ್ನು ಬ್ಯಾಗಿನ ತಳಕ್ಕೆ ತುರುಕಿ, ಚಿತ್ರ ಮತ್ತೆ ತೂಗುಹಾಕಿ, ಕೈ ತೊಳೆದೆ. ಎಷ್ಟು ತೊಳೆದರೂ ಬೆರಳುಗಳಿಂದ ಲವಂಗದ ವಾಸನೆ ಹೋಗಲಿಲ್ಲ.

ಸಂಜೆ ಅರವತ್ತು ಕುರ್ಚಿಗಳೂ ತುಂಬಿದ್ದವು. ಹೊಸ ಶರ್ಟಿನಲ್ಲಿ ಚಾಚಾ ನನ್ನ ಎಡಕ್ಕೆ, ಆಚೆಗೆ ನಿರ್ದೇಶಕ, ಆ ತುದಿಗೆ ಕಲಾವಿದೆ. ಅರ್ಧ ಗಂಟೆ ಎಲ್ಲವೂ ಚೆನ್ನಾಗಿ ನಡೆಯಿತು. ಕತ್ತರಿಸಿದ್ದನ್ನು ಎಲ್ಲಿಡುತ್ತೀರಿ ಎಂದು ಚಾಚಾ ಕೇಳಿದ್ದನ್ನು ನಾನು ಇಂಗ್ಲಿಷಿಗೆ ಹೇಳಿದಾಗ ನಿರ್ದೇಶಕ ನಕ್ಕು, ಹಾರ್ಡ್ ಡಿಸ್ಕಿನಲ್ಲಿ, ಆಮೇಲೆ ಅದು ಕೆಡುತ್ತದೆ ಎಂದ. ಜನ ನಕ್ಕರು. ಆಗ ಕಲಾವಿದೆ ಮೈಕು ತೆಗೆದುಕೊಂಡಳು. ಗೋಡೆಯ ಚಿತ್ರ ತೋರಿಸಿ, ನೀವು ಕತ್ತರಿಸಿದ್ದು ಎಲ್ಲಿದೆ ಎಂದು ಚಾಚಾರನ್ನು ಕೇಳಿದಳು. ಅವರಿಗೆ ಅಷ್ಟು ಇಂಗ್ಲಿಷು ಬರುತ್ತಿತ್ತು. ಆದರೂ ನಾನು ಕನ್ನಡಕ್ಕೆ ಹೇಳಬೇಕಿತ್ತು. ಹೇಳಿದೆ.

ಅವರು ಗಾಬರಿಯಾಗಲಿಲ್ಲ. ಎದ್ದೇ ನಿಂತರು, ಕೆಲಸದ ಬಗ್ಗೆ ಕೇಳಿದರೆ ಅವರಿಗೆ ಅಷ್ಟು ಸಂತೋಷ.

"ಹಿಂದೆಯೇ ಉಂಟು ಅಂತ ಹೇಳು ತಂಗಿ. ಲಕೋಟೆಯಲ್ಲಿ. ಚೀಟಿ ಸಮೇತ ಉಂಟು. ಅಂಟಿಸಿ ಸರಿಮಾಡ್ಬಹುದು, ಹೆದರ್ಬೇಡ ಅಂತ ಹೇಳು."

ಅಲ್ಲಿದ್ದ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ನಾನು ಏನು ಬೇಕಾದರೂ ಹೇಳಬಹುದಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವರೇ ಗೋಡೆಯ ಕಡೆ ನಡೆದು, ಚಿತ್ರ ಇಳಿಸಿ, ಎಲ್ಲರಿಗೂ ಕಾಣುವಂತೆ ಹಿಂಬದಿ ತಿರುಗಿಸಿದರು. ಬಿಳಿ ಗುರುತು ಮಾತ್ರ ಇತ್ತು. ಅದರ ಮೇಲೆ ಹೆಬ್ಬೆರಳಿಟ್ಟು ನೋಡಿದರು. ಹರಿದದ್ದು ಅಂದಿನದೇ ಎಂದು ಅವರಿಗೆ ಗೊತ್ತಾಗದೆ ಇರುತ್ತದೆಯೆ? ತಲೆ ಎತ್ತಿ ನನ್ನ ಕಡೆ ನೋಡಿದರು. ಮುಖ ನೋಡಿದರು, ಆಮೇಲೆ ನನ್ನ ಕೈ ನೋಡಿದರು... ನಾನು ಎರಡೂ ಕೈಗಳನ್ನು ಮಡಿಲಲ್ಲಿ ಸೆರಗಿನೊಳಗೆ ಅಡಗಿಸಿಕೊಂಡೆ. ನನ್ನ ಮಗಳನ್ನು ದಿನಾ ಸ್ಕೂಲ್ ಬಸ್ಸಿಗೆ ಹತ್ತಿಸುವಾಗ ಅಂಗಡಿ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದವರು ಅವರು. ನಮ್ಮ ಮನೆಯ ಕಥೆ ಪೂರ್ತಿ ಬಲ್ಲವರು.

ಚಿತ್ರವನ್ನು ಗೋಡೆಗೆ ಒರಗಿಸಿ, ಯಾರ ಸಹಾಯವೂ ಇಲ್ಲದೆ ಇಂಗ್ಲಿಷಿನಲ್ಲಿ ಹೇಳಿದರು. "ಮೈ ಮಿಸ್ಟೇಕ್. ಐ ಕಟ್. ಮೇಡಂ ನಾಟ್ ನೋ."

ಆ ಮೇಡಂ ನಾನು. ಒಂದು ಮಾತು ಹೇಳಲು ಇಡೀ ಸಂಜೆ ನನ್ನ ಮುಂದಿತ್ತು, ಪಕ್ಕದಲ್ಲೇ ಮೈಕೂ ಇತ್ತು. ಹೇಳಲಿಲ್ಲ. ಹೆದರಿಕೆ ಎಂದು ಈಗ ಹೇಳಿದರೆ ಸುಳ್ಳಲ್ಲ, ಆದರೆ ಅಷ್ಟೇ ನಿಜವೂ ಅಲ್ಲ. ಅವರು ಹೊತ್ತುಕೊಂಡರಲ್ಲ ಎಂಬ ಹಗುರವೂ ಆ ಕ್ಷಣದಲ್ಲಿ ನನಗಿತ್ತು. ಅದಕ್ಕೆ ನನಗೆ ಇವತ್ತಿಗೂ ನನ್ನ ಮೇಲೆ ಹೇಸಿಗೆ.

ಗ್ಯಾಲರಿ ಅವರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿತು. ಮಾತು ಹರಡಿ ಉಳಿದ ಗ್ಯಾಲರಿಗಳೂ ನಿಲ್ಲಿಸಿದವು. ಮೂರು ವಾರ ನಾನು ಹಿಂದಿನ ಗಲ್ಲಿಯಿಂದ ಮನೆಗೆ ಹೋದೆ. ಕೊನೆಗೆ ಮಗಳು ನೋಟ್‌ಬುಕ್ಕಿನಿಂದ ಹರಿದ ಹಾಳೆಯಲ್ಲಿ ಬರೆದ ಚಿತ್ರವೊಂದನ್ನು ನೆಪ ಮಾಡಿಕೊಂಡು ಅಂಗಡಿ ಹತ್ತಿದೆ. ಕಟ್ಟಡದ ಬಾಗಿಲು, ಬಾಗಿಲಲ್ಲಿ ಗಡ್ಡದ ತಾತ, ಮೇಲೆ ಎರಡು ಸೂರ್ಯ. "ಬನ್ನಿ ಮೇಡಂ" ಎಂದರು. ಸುರುಳಿ ತಂತಿಯಿಂದ ಕಿತ್ತ ಹರಕು ಅಂಚಿನ ಮೇಲೆ ಬೆರಳಿಟ್ಟು, "ಇದನ್ನು ಎಲ್ಲಿಗೆ ಕತ್ತರಿಸಬೇಕು?" ಎಂದು ಕೇಳಿದರು. ದನಿಯಲ್ಲಿ ಕೋಪವಿರಲಿಲ್ಲ. ಕ್ಷಮಿಸಿ ಎನ್ನಲು ಬಂದವಳು, "ನಿಮಗೆ ಸರಿ ಕಂಡ ಹಾಗೆ" ಎಂದು ಗೊಣಗಿ ಹೊರಬಂದೆ. ಅಂದು ಅವರು ಚೀಟಿಗೆ ಸಹಿ ಕೇಳಲಿಲ್ಲ. ವಾರದ ಮೇಲೆ ಫ್ರೇಮ್ ತಂದಾಗ ನೋಡಿದರೆ ಹರಕು ಅಂಚು, ತಂತಿಯ ತೂತುಗಳು ಎಲ್ಲವೂ ಗಾಜಿನೊಳಗೆ ಹಾಗೇ ಇದ್ದವು. ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡಿದ್ದಾರೆ ಎಂದುಕೊಂಡೆ. ಹಿಂಬದಿ ತಿರುಗಿಸಿ ನೋಡುವ ಧೈರ್ಯ ಆಗಲಿಲ್ಲ.

ಅದೇ ವರ್ಷದ ಕೊನೆಗೆ ಗಂಡನಿಗೆ ಅಬುಧಾಬಿಯಲ್ಲಿ ಕೆಲಸ ಸಿಕ್ಕಿತು. ನಾವು ಕರಾಮ ಬಿಟ್ಟೆವು. ಒಮ್ಮೆ ಆ ಕಡೆ ಹೋದಾಗ ಅಂಗಡಿಯಿದ್ದಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಪಕ್ಕದ ದರ್ಜಿ ಹೇಳಿದರು, ಚಾಚಾ ಊರಿಗೆ ಹೋದವರು ಎರಡನೇ ವರ್ಷಕ್ಕೇ ತೀರಿಕೊಂಡರು ಎಂದು. ಕಡೆಯ ದಿನದವರೆಗೂ ಮನೆಯಲ್ಲಿ ಯಾವುದೋ ಮದುವೆ ಫೋಟೋಕ್ಕೆ ಫ್ರೇಮ್ ಕಟ್ಟುತ್ತಿದ್ದರಂತೆ...

ಪ್ಯಾಕಿಂಗ್‌ನವರು ಹೋದ ಮೇಲೆ ಪೂರ್ತಿ ಹಿಂಬದಿ ತಿರುಗಿಸಿದೆ. ಕೆಳಗಿನ ಬಲಮೂಲೆಯಲ್ಲಿ ಲಕೋಟೆ ಇತ್ತು. ಏಳು ವರ್ಷ ಗೋಡೆಗೆ ಮುಖ ಮಾಡಿಕೊಂಡು ಇದ್ದದ್ದು. ಒಳಗೆ ಕಾಗದದ ತುಂಡೇನೂ ಇರಲಿಲ್ಲ, ಚೀಟಿ ಮಾತ್ರ. ಅದೇ ಮುತ್ತಿನ ಅಕ್ಷರ:

"ಬರೆದ ಮಗುವನ್ನು ಕೇಳಿಲ್ಲ. ಅದಕ್ಕೆ ಏನೂ ಕತ್ತರಿಸಿಲ್ಲ."

ಅದರ ಕೆಳಗೆ, ಗಿರಾಕಿಯ ಸಹಿ ಎಂದು ಬರೆದು ಜಾಗ ಬಿಟ್ಟಿದ್ದರು.

ಪಾಸ್‌ಪೋರ್ಟ್ ಇಡುವ ಚೀಲದ ಒಳಜೇಬಿನಿಂದ ಇನ್ನೊಂದು ಲಕೋಟೆ ತೆಗೆದೆ. ಎರಡು ಬೆರಳಗಲದ ಪಟ್ಟಿ, ಅದರ ಮೇಲೆ ಇಂದಿಗೂ ಉಪ್ಪಿನ ಹರಳು, ಜೊತೆಗೆ ನನ್ನ ಕೈಬರಹದ ಚೀಟಿ. ಎರಡರ ಫೋಟೋ ತೆಗೆದು, ನಡೆದದ್ದನ್ನೆಲ್ಲ ಬರೆದು, ಕಲಾವಿದೆಗೆ ಕಳಿಸಿದ್ದೇನೆ. ಪಟ್ಟಿಯನ್ನು ನಾನೇ ತಂದು ಕೊಡುತ್ತೇನೆ ಎಂದೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಮಗಳು ಸ್ಕೂಲಿನಿಂದ ಬಂದಾಗ ಫ್ರೇಮ್ ತೋರಿಸಿ ಕೇಳಿದೆ, ಈ ಅಂಚು ಕತ್ತರಿಸಿದ್ದರೆ ನಿನಗೆ ಬೇಜಾರಾಗುತ್ತಿತ್ತಾ ಎಂದು. ಹೆಗಲಿನಿಂದ ಬ್ಯಾಗು ಇಳಿಸುತ್ತಲೇ ಬಗ್ಗಿ ನೋಡಿದಳು. "ಆಫ್‌ಕೋರ್ಸ್ ಅಮ್ಮಾ, ಅಲ್ಲೇ ಅಲ್ವಾ ಚಾಚಾ ಕೈ ಇರೋದು" ಎಂದಳು. ತೂತುಗಳ ನಡುವೆ, ಹರಕಿನ ತುದಿಯಲ್ಲಿ, ಬಾಗಿಲಿನಿಂದ ಚಾಚಿದ ಒಂದು ಕೈ ಇತ್ತು. ಬಸ್ಸಿಗೆ ಬೀಸುತ್ತಿದ್ದ ಕೈ. ಏಳು ವರ್ಷ ದಿನಾ ನೋಡಿದ ಚಿತ್ರದಲ್ಲಿ ಅದು ನನಗೆ ಕಂಡಿರಲಿಲ್ಲ.

ಪೆನ್ನು ಹುಡುಕಿ, ಚೀಟಿಯಲ್ಲಿ ಅವರು ಬಿಟ್ಟ ಜಾಗದಲ್ಲಿ ಸಹಿ ಹಾಕಿದೆ. ಒಪ್ಪಿಸಿಕೊಳ್ಳಲು ಅವರಿಲ್ಲ.