ಕಡೆಕಾರಿನ ಹೆಸರಿಗೆ ಬಂದ ಶೂ

ಯಾರಾದರೂ ‘ಮುಗಿದುಹೋಗಿದೆ’ ಎಂದರೆ ನಾನು ಸುಲಭವಾಗಿ ನಂಬುವವನಲ್ಲ. ಈ ದುರಭ್ಯಾಸ ನನಗೆ ಅಂಟಿದ್ದು ಮುಂಬಯಿ ಪಕ್ಕದ ಠಾಣೆ ಪಟ್ಟಣದ ನೌಪಾಡಾ ಪೇಟೆಯ ಹೋಟೆಲೊಂದರ ಗಲ್ಲಾದಲ್ಲಿ ಕುಳಿತಿದ್ದ ಕಾಲದಲ್ಲಿ. ಬೆಳಗ್ಗೆ ಹತ್ತೂವರೆಗೆ ಮಾಣಿ ಬಂದು ‘ಇಡ್ಲಿ ಖಾಲಿ’ ಎಂದು ಘೋಷಿಸುತ್ತಿದ್ದ. ನಾನು ಎದ್ದು ಒಳಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿದರೆ ತಳದ ತಟ್ಟೆಯಲ್ಲಿ ಆರು ಇಡ್ಲಿಗಳು ಬೆಚ್ಚಗೆ ಕುಳಿತಿರುತ್ತಿದ್ದವು. ಮಾಣಿ ಸುಳ್ಳು ಹೇಳುತ್ತಿದ್ದನೆಂದಲ್ಲ. ಅವನಿಗೆ ಯಾರೋ ಹೇಳಿದ್ದರು, ಆ ಯಾರಿಗೋ ಇನ್ನಾರೋ ಹೇಳಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟ ನನಗೆ ತರ್ಕಶಾಸ್ತ್ರವನ್ನು ಕಲಿಸಿದ್ದು ಆ ಪಾತ್ರೆಯ ಮುಚ್ಚಳ.

ಆದ್ದರಿಂದಲೇ ನನ್ನ ಮೊಮ್ಮಗಳು ಮಾನಸಿ ಒಂದು ಮಧ್ಯಾಹ್ನ ಮೊಬೈಲನ್ನು ಸೋಫಾದ ಮೇಲೆಸೆದು, “ಖತಮ್. ಪೂರಾ ದುನಿಯಾ ಮೇ ಖತಮ್” ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಮುಗಿದದ್ದು ಒಂದು ಜೊತೆ ಸ್ನೀಕರ್. ಬಿಳಿಯ ಮೈ, ಹಿಮ್ಮಡಿಯಲ್ಲಿ ಕಿತ್ತಳೆಯ ಪಟ್ಟಿ. ‘ಲಿಮಿಟೆಡ್ ಎಡಿಷನ್’ ಎಂಬ ಬಿರುದು ಅದಕ್ಕೆ. ಕಂಪನಿ ಅವನ್ನು ಚೀಟಿ ಎತ್ತಿ ಮಾರುತ್ತದಂತೆ. ಮೂರು ಸಲ ಚೀಟಿ ಎತ್ತಿದಾಗಲೂ ಮಾನಸಿಯ ಹೆಸರು ಬರಲಿಲ್ಲ. ನಾವಿರುವ ಡೊಂಬಿವಲಿಯ ಮಕ್ಕಳಿಗೆ ಟ್ಯೂಷನ್ ಹೇಳಿ ಅವಳು ಕೂಡಿಸಿದ ಹಣ ಹಾಗೆಯೇ ಉಳಿದಿತ್ತು.

ಚೀಟಿ ಗೆದ್ದು, ಆ ಜೊತೆಯನ್ನು ಮರುಮಾರಾಟಕ್ಕಿಟ್ಟವನೊಬ್ಬ ನೌಪಾಡಾದಲ್ಲಿಯೇ ಇದ್ದ. ಮೊದಲ ಮಹಡಿಯ ಅವನ ಅಂಗಡಿಗೆ ಅವಳೊಂದಿಗೆ ನಾನೂ ಹೋದೆ. ಶೂಗಳೆಲ್ಲ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡು, ದೀಪದ ಕೆಳಗೆ, ಫ್ರಿಜ್ಜಿನಲ್ಲಿಟ್ಟ ಮಿಠಾಯಿಯಂತೆ ಕುಳಿತಿದ್ದವು. ನಾನು ಒಂದರ ಅಡಿಭಾಗ ನೋಡಲು ಕೈಚಾಚಿದೆ.

“ಅಂಕಲ್, ಹಾಥ್ ಮತ್ ಲಗಾವ್. ವ್ಯಾಲ್ಯೂ ಗಿರ್ ಜಾಯೇಗಾ.”

ಕೈ ತಗುಲಿದರೆ ಬೆಲೆ ಬೀಳುವ ವಸ್ತುವಿಗೆ ಕಾಲು ತಗುಲಿದರೆ ಏನಾದೀತು! ನಮ್ಮ ಭಾಷೆ ಇದನ್ನು ಪಾದರಕ್ಷೆ ಎಂದು ಕರೆಯಿತು. ಪಾದವನ್ನು ರಕ್ಷಿಸುವುದು ಅದರ ಉದ್ಯೋಗ. ಇಲ್ಲಿ ಪಾದವೇ ದೂರ ನಿಂತು ಅದನ್ನು ರಕ್ಷಿಸಬೇಕು. ಇಂಗ್ಲಿಷಿನ ಹೆಸರಿನ ಬಗ್ಗೆಯೂ ನನಗೆ ತಕರಾರಿದೆ. ರಬ್ಬರಿನ ಅಡಿ ಸದ್ದು ಮಾಡದೆ ಕಳ್ಳಹೆಜ್ಜೆಗೆ ಒದಗುವುದರಿಂದ ಅದಕ್ಕೆ ಸ್ನೀಕರ್ ಎಂದು ಹೆಸರಾಯಿತೆಂದು ನಿಘಂಟಿನವರು ಹೇಳುತ್ತಾರೆ. ಅವರು ನಮ್ಮ ಮನೆಗೆ ಬಂದವರಲ್ಲ. ಮಾನಸಿಯ ಹಳೆಯ ಜೊತೆ ಒರೆಸಿದ ನೆಲದ ಮೇಲೆ ಮಾಡುವ ಕೀಚ್ ಕೀಚ್ ಸದ್ದು ಮೂರನೆಯ ಮಹಡಿಗೆ ಕೇಳಿಸುತ್ತದೆ.

ನೌಪಾಡಾದವನು ಹೇಳಿದ ಬೆಲೆ, ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದುದರ ಮೂರು ಪಟ್ಟು. ಮಾನಸಿಯ ಮುಖ ನೋಡಿದೆ, ಕೊಟ್ಟುಬಿಡುವ ಅಂದಾಜಿನಲ್ಲಿದ್ದಳು. ನಾನು ಅವಳ ಮೊಣಕೈ ಹಿಡಿದು ಕೆಳಗಿಳಿಸಿದೆ. “ಎಲ್ಲೂ ಇಲ್ಲ ಅಂತ ಯಾರು ಹೋಗಿ ನೋಡಿ ಬಂದದ್ದು ಮಾರಾಯ್ತಿ? ಜಗತ್ತು ಅಂದ್ರೆ ನೌಪಾಡಾವಾ? ನಾನು ತರಿಸಿಕೊಡ್ತೇನೆ. ಅಚ್ಚಾದ ಬೆಲೆಗೇ” ಎಂದೆ. ಅವಳು ನನ್ನ ಮಾತು ನಂಬಿದಳು. ನನ್ನನ್ನು ನಂಬುವವರು ಮನೆಯಲ್ಲಿ ಕಡಿಮೆ. ಆದ್ದರಿಂದ ಹೊಣೆ ಹೆಚ್ಚು.

ಮೂರು ದಿನ ಅವಳ ಮೊಬೈಲಿನಲ್ಲಿ ನಾನು ಪಾತ್ರೆಗಳ ಮುಚ್ಚಳ ತೆಗೆಯುತ್ತ ಹೋದೆ. ನಾಲ್ಕನೆಯ ದಿನ ಜರ್ಮನಿಯ ಸಣ್ಣ ಊರೊಂದರ ಅಂಗಡಿಯಲ್ಲಿ ಅದೇ ಬಿಳಿ, ಅದೇ ಕಿತ್ತಳೆ, ಅವಳದೇ ಅಳತೆಯ ಜೊತೆ ತಳದ ಇಡ್ಲಿಯಂತೆ ಸಿಕ್ಕಿತು. ಸಾಗಾಟ, ಸುಂಕ ಎಲ್ಲ ಸೇರಿದರೂ ನೌಪಾಡಾದ ಅರ್ಧಕ್ಕೆ ಮುಟ್ಟಲಿಲ್ಲ. ನನ್ನ ಎದೆ ಎರಡು ಇಂಚು ಉಬ್ಬಿತು. ಉಬ್ಬಿದ ಎದೆಯಿಂದಲೇ ನಾನು ಆ ತಪ್ಪು ಮಾಡಿದೆ.

ಬ್ಯಾಂಕಿನ ಕಾರ್ಡು ನನ್ನದಾದ್ದರಿಂದ ಹೆಸರೂ ನನ್ನದೇ ಆಗಬೇಕಿತ್ತು. ಅಂಗಡಿಯವರು ಕೇಳಿದ್ದು ಎರಡೇ: ಮೊದಲ ಹೆಸರು, ಕೊನೆಯ ಹೆಸರು. ನಾನು ಕೆ. ವಾಸುದೇವ ರಾವ್. ಉಡುಪಿಯ ಕಡೆಯ ನಮಗೆ ಹೆಸರಿನ ಮುಂದಿನ ಅಕ್ಷರ ಊರಿನದು. ನನ್ನ ‘ಕೆ’ ಎಂದರೆ ಕಡೆಕಾರು. ಮಾನಸಿ ಮೊದಲ ಹೆಸರಿಗೆ ವಾಸುದೇವ ಎಂದು ಬರೆಯಹೊರಟಳು. ನಾನು ತಡೆದೆ.

“ಮೊದಲ ಹೆಸರು ಅಂದ್ರೆ ಮೊದಲು ಬರುವ ಹೆಸರು. ವಾಸುದೇವ ನಡುವೆ ಬರುವುದಲ್ವಾ?”

“ಅಜ್ಜ, ಕಡೆಕಾರು ಗಾಂವ್ ಹೈ. ಆಪ್ ಥೋಡೀ ನಾ ಗಾಂವ್ ಹೋ!”

ನಾನು ಊರಲ್ಲವೆಂಬುದು ನನಗೂ ಗೊತ್ತಿತ್ತು. ಆದರೆ ಪದದ ಅರ್ಥವನ್ನು ಬಿಟ್ಟುಕೊಡುವುದು ನನ್ನ ಜಾಯಮಾನದಲ್ಲಿಲ್ಲ. ಹೀಗಾಗಿ ಜರ್ಮನಿಯಿಂದ ಹೊರಟ ಪೆಟ್ಟಿಗೆ, ಭೂಮಿಯ ಮೇಲೆ ಇಲ್ಲದ ಶ್ರೀಮಾನ್ ಕಡೆಕಾರು ರಾವ್ ಅವರನ್ನು ಹುಡುಕಿಕೊಂಡು ಬಂತು.

ಗುರುವಾರ ನೌಪಾಡಾದವನ ಆ ಜೊತೆಯೂ ಮಾರಾಟವಾಯಿತೆಂದು ಮಾನಸಿಯ ಗೆಳತಿ ತಿಳಿಸಿದಳು. ಶುಕ್ರವಾರ ಕೊರಿಯರಿನವರ ಸಂದೇಶ ಬಂತು: ನೀವು ಕಳಿಸಿದ ಗುರುತಿನ ಚೀಟಿಯ ಹೆಸರು ಪೆಟ್ಟಿಗೆಯ ಹೆಸರಿಗೆ ಹೊಂದುತ್ತಿಲ್ಲ, ಶನಿವಾರ ಸಂಜೆಯೊಳಗೆ ಸರಿಪಡಿಸದಿದ್ದರೆ ಪೆಟ್ಟಿಗೆ ಮರಳಿ ಹೋಗುತ್ತದೆ. ಅಲ್ಲಿಗೆ ಅದೂ ಇಲ್ಲ, ಇದೂ ಇಲ್ಲ. ಮಾನಸಿ ಬೈಯಲಿಲ್ಲ. “ರಹನೇ ದೋ ಅಜ್ಜ, ಜೂತಾ ಹೀ ತೋ ಹೈ” ಎಂದಳು. ಬೈದಿದ್ದರೆ ನಾನು ವಾದಿಸುತ್ತಿದ್ದೆ. ಬಿಡಿ, ಶೂ ತಾನೇ ಎಂದು ಸಮಾಧಾನ ಹೇಳಿದ್ದರಿಂದ ರಾತ್ರಿಯೇ ಕೊರಿಯರಿನವರ ಗೋದಾಮಿನ ವಿಳಾಸ ಬರೆದಿಟ್ಟುಕೊಂಡೆ.

ಶನಿವಾರ ಬೆಳಗ್ಗೆ ನಾವಿಬ್ಬರೂ ಠಾಣೆಯಲ್ಲಿ ಲೋಕಲ್ ರೈಲು ಬದಲಿಸಿ ನವಿ ಮುಂಬಯಿಯ ತುರ್ಭೆಗೆ ಹೋದೆವು. ಕೊರಿಯರ್ ಗೋದಾಮಿನ ಕಿಟಕಿಯಲ್ಲಿ ಕುಳಿತ ಹೆಂಗಸಿನ ಎದೆಯ ಬಿಲ್ಲೆಯ ಮೇಲೆ ಕುಡಾಳಕರ ಎಂದಿತ್ತು. ಆಕೆ ಪೆಟ್ಟಿಗೆಯ ಚೀಟಿಯನ್ನೂ ನನ್ನ ಗುರುತಿನ ಚೀಟಿಯನ್ನೂ ಹೊಂದಿಸಿ ನೋಡಿದರು.

“ಆಜೋಬಾ, ಹಾ ಕಡೇಕರ ಕೋಣ?”

“ಮೀಚ” ಎಂದೆ.

“ಆಣಿ ವಾಸುದೇವ ಕೋಣ?”

“ತೋ ಪಣ ಮೀಚ.”

ಕಡೇಕರನೂ ನಾನೇ, ವಾಸುದೇವನೂ ನಾನೇ ಎಂದರೆ ಯಾರು ತಾನೇ ಒಪ್ಪಿಯಾರು? ಮಾನಸಿ ಹಣೆಗೆ ಕೈಹಚ್ಚಿಕೊಂಡಳು. ಆದರೆ ನನ್ನ ಕಿವಿ ಇನ್ನೊಂದು ಕಡೆಗಿತ್ತು. ನನ್ನೂರಿನ ಹೆಸರನ್ನು ಆಕೆ ಅದೆಷ್ಟು ಸಹಜವಾಗಿ ಮರಾಠಿ ಅಡ್ಡಹೆಸರನ್ನಾಗಿ ಓದಿದ್ದರು! ನಾನು ನನಗೆ ಬರುವ ಮರಾಠಿಯಲ್ಲಿ ಕೇಳಿದೆ: “ಬಾಯಿ, ನಿಮ್ಮ ಊರು ಕುಡಾಳವೇ?” ಹೌದೆಂದರು. “ನೀವು ಊರನ್ನು ಹೆಸರಿನ ಬಾಲಕ್ಕೆ ಕಟ್ಟಿದ್ದೀರಿ. ನಾವು ತಲೆಗೆ ಕಟ್ಟಿದ್ದೇವೆ. ಈ ‘ಕೆ’ಯೊಳಗೆ ನನ್ನೂರು ಮುದುರಿಕೊಂಡಿದೆ.”

ಆಕೆ ಪಕ್ಕದ ಮೇಜಿನವಳ ಕಡೆ ತಿರುಗಿ ನಕ್ಕರು. “ಅಗಂ, ಹೇ ಆಪಲ್ಯಾಸಾರಖೇಚ! ಫಕ್ತ ಉಲಟೇ.” ನಮ್ಮಂತೆಯೇ, ಆದರೆ ತಿರುವುಮುರುವು! ನಾಲ್ಕು ದಶಕ ಈ ನೆಲದಲ್ಲಿದ್ದ ನನಗೆ ಇದಕ್ಕಿಂತ ಒಳ್ಳೆಯ ಗುರುತಿನ ಚೀಟಿ ಯಾರೂ ಕೊಟ್ಟಿರಲಿಲ್ಲ. ಒಂದು ಅರ್ಜಿ ಬರೆದುಕೊಡಿ ಎಂದರು. ಬರೆದೆ: ಕೆ ಎಂದರೆ ಕಡೆಕಾರು, ಕಡೆಕಾರು ಒಂದು ಊರು, ನಾನು ಆ ಊರಲ್ಲ, ಆದರೂ ಈ ಪೆಟ್ಟಿಗೆಯ ಮಟ್ಟಿಗೆ ಅದು ನಾನೇ. ಆಕೆ ಓದಿ, ಮತ್ತೊಮ್ಮೆ ನಕ್ಕು, ಧಡ್ ಎಂದು ಮೊಹರು ಒತ್ತಿದರು.

ಮಾನಸಿ ಗೋದಾಮಿನ ಮೆಟ್ಟಿಲ ಮೇಲೆಯೇ ಶೂ ಹಾಕಿಕೊಂಡಳು. ಸರಿಯಾಗಿ ಕೂತವು. ನನಗೆ ಜಗತ್ತನ್ನೇ ಗೆದ್ದಂತಾಯಿತು. ಆದರೆ ಅವಳ ನಡಿಗೆ ಕೆಟ್ಟಿತು. ಕೊಚ್ಚೆ ಕಂಡರೆ ಸುತ್ತು, ಜನ ಕಂಡರೆ ಗೋಡೆಗೆ ಒರಗು, ಕಾಲು ಮಡಚಿದರೆ ಗೆರೆ ಬೀಳುತ್ತದೆಂದು ಹಲಗೆಯಂತೆ ಹೆಜ್ಜೆ. ನೌಪಾಡಾದವನ ಪ್ಲಾಸ್ಟಿಕ್ಕು ಅವಳ ಮೈಗೇ ಸುತ್ತಿಕೊಂಡಂತಿತ್ತು. ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ಎರಡು ಗಾಡಿಗಳ ಜನ ಒಟ್ಟಿಗೆ ನುಗ್ಗಿದಾಗ ಅವಳು ಎರಡೂ ಕೈ ಚಾಚಿ ಪಾದಗಳಿಗೆ ಬೇಲಿ ಕಟ್ಟಿದಳು. ಹಿಂದಿನಿಂದ ಯಾರೋ ತಳ್ಳಿದರು. ಬಿಳಿಯ ಶೂವಿನ ಮೂತಿಯ ಮೇಲೆ ಮಣ್ಣು ಮೆತ್ತಿದ ಒಂದು ಚಪ್ಪಲಿ ಪೂರ್ತಿಯಾಗಿ ಇಳಿಯಿತು.

ಚಪ್ಪಲಿ ನನ್ನದು.

ಅವಳು ಶೂ ನೋಡಿದಳು, ನನ್ನನ್ನು ನೋಡಿದಳು. ನಾನು ಕ್ಷಮೆ ಕೇಳಲು ಪದ ಹುಡುಕುತ್ತಿದ್ದೆ. ಸೇತುವೆಯ ನಡುವೆಯೇ ಅವಳು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಗಯಾ! ಅಬ್ ಇಸ್ಕೋ ಕೋಯಿ ನಹೀ ಖರೀದೇಗಾ, ಅಜ್ಜ!”

ಇನ್ನು ಯಾರೂ ಕೊಳ್ಳುವುದಿಲ್ಲ ಎಂಬ ಮಾತಿನಲ್ಲಿ ಅಷ್ಟೊಂದು ಬಿಡುಗಡೆ ಇದ್ದೀತೆಂದು ಗಲ್ಲಾದಲ್ಲಿ ಕುಳಿತಷ್ಟು ಕಾಲವೂ ನನಗೆ ಹೊಳೆದಿರಲಿಲ್ಲ. ಕೆಳಗೆ ಕಲ್ಯಾಣದ ಸ್ಲೋ ಲೋಕಲ್ ಬಂದು ನಿಂತಿತು. ಮಾನಸಿ ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು, ನೀರು ನಿಂತ ಜಾಗವನ್ನೂ ಲೆಕ್ಕಿಸದೆ ಹೆಂಗಸರ ಡಬ್ಬಿಯತ್ತ ಓಡಿದಳು. ಶೂ ಅವಳದಾಯಿತು. ನನಗೆ ಆ ಗಾಡಿ ತಪ್ಪಿತು; ಬೇಸರವೇನೂ ಆಗಲಿಲ್ಲ.