ಮೂವರು ಮುತ್ತಯ್ಯಂದಿರು

ಮಳವಳ್ಳಿ ಕಡೆಯ ಒಂದು ಹಳ್ಳಿಗೆ ಜಮೀನು ಅಳೆಯಲು ಹೊರಟವನು ದಾರಿಯಲ್ಲಿ ಸೈಕಲ್ಲಿನಿಂದ ಬಿದ್ದೆ. ಬಲ ಭುಜದ ಕೀಲು ತಪ್ಪಿತು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸು ನಿಂತಿತ್ತು. ಕೀಲು ಕೂರಿಸುವ ಮುತ್ತಯ್ಯ ಆ ಊರಲ್ಲಿದ್ದಾನೆಂದು ಕೇಳಿದ್ದೆ. ಹೇಗೋ ನಡೆದು ಹೋಗಿ ಅರಳಿಕಟ್ಟೆಯಲ್ಲಿ ಕೂತು, "ಮುತ್ತಯ್ಯನನ್ನು ಕರೀರಿ" ಎಂದೆ.

ಮೂವರು ಬಂದರು. ಒಬ್ಬ ಕ್ಷೌರದವನು, ಒಬ್ಬ ಕುಂಬಾರ, ಇನ್ನೊಬ್ಬ ಎತ್ತಿಗೆ ಲಾಳ ಕಟ್ಟುವವನು.

"ಎಲ್ಲರೂ ಮುತ್ತಯ್ಯನೇ?"

"ನಮ್ಮವ್ವಂದಿರೆಲ್ಲ ಮುತ್ತತ್ತಿರಾಯಂಗೇ ಅರಕೆ ಒತ್ತಿದ್ರು ಸ್ವಾಮಿ," ಎಂದ ಕುಂಬಾರ. "ಕೀಲು ಕೂರ್ಸೋ ಮುತ್ತಯ್ಯ ಮಗಳ ಊರ್ಗೆ ಓಗವ್ನೆ."

ನನಗೆ ಜೀವ ಹೋಗುತ್ತಿತ್ತು. ಲಾಳದವನು ಭುಜ ಮುಟ್ಟಿ ನೋಡಿದ. "ಎತ್ತಿಂದು ಕೂರ್ಸಿವ್ನಿ. ಮನ್ಸರ್ದು ಇದೇ ಮೊದ್ಲು."

"ಇಡಿಯಲಾ," ಎಂದ ಕ್ಷೌರದವನು. "ಎತ್ತಾದ್ರೆ ಒದೀತದೆ. ಇವ್ರು ಬರೀ ಬೈತಾರೆ."

ಕುಂಬಾರ ನನ್ನ ಕಾಲು ಹಿಡಿದ, ಕ್ಷೌರದವನು ಎದೆ ಅದುಮಿದ. ಲಾಳದವನು ಕೈ ಎಳೆದು ತಿರುಗಿಸಿದ. ನಾನು ಮೂವರನ್ನೂ ಬೈದೆ. ಕೀಲು ಕೂತಿತು.

ಕುಡಿಯಲು ನೀರು ಕೇಳಿದೆ.

"ಇವ್ರು ಕೊಡ್ತಾರೆ ಸ್ವಾಮಿ," ಎಂದು ಲಾಳದ ಮುತ್ತಯ್ಯ ಎದ್ದ. "ಅಲ್ಲಿ ಲಾಳ ಒಡ್ಯಕ್ಕೆ ಎತ್ತು ಕೆಡವಿ, ಕಾಲು ಬಿಗ್ದು ಬಂದಿವ್ನಿ." ತಿರುಗಿಯೂ ನೋಡದೆ ಹೋದ.