ಅತ್ತೆಯ ಮಿಷನ್ನಿಗಾಗಿ ಹರಾಜು ಕೂಗಿದ್ದು

ನಾದಿನಿ ಬಾಣಂತನಕ್ಕೆಂದು ತವರಿಗೆ ಬಂದ ವಾರವೇ ಅತ್ತೆಯ ಹೊಲಿಗೆ ಮಿಷನ್ನು ನಿಂತುಹೋಯಿತು. ಕೈಯಲ್ಲಿ ತಿರುಗಿಸುವ ಹಳೆಯ ಮಿಷನ್ನು. ಕಪ್ಪು ಮೈಯ ಮೇಲೆ ಚಿನ್ನದ ಬಣ್ಣದ ಒಂದು ಬಳ್ಳಿ. ಅತ್ತೆ ಎಡಗೈ ಊರುವ ಕಡೆಯಲ್ಲೆಲ್ಲ ಅದು ಸವೆದು ಹೋಗಿತ್ತು. ಅಂದು ದಿಂಬಿನ ಚೀಲ ಹೊಲಿಯುತ್ತಿದ್ದಾಗ ಒಳಗೆ ಏನೋ ಕಟ್ ಅಂದಿತು. ಸೂಜಿಯ ಕೆಳಗಿನ ತಟ್ಟೆ ಸರಿಸಿ ನೋಡಿದರೆ, ಕೆಳದಾರವನ್ನು ಹೊತ್ತು ಓಡಾಡುವ ಶಟಲ್ಲಿನ ಮೂತಿ ಮುರಿದಿತ್ತು. ಪುಟ್ಟ ದೋಣಿಯ ಹಾಗಿರುವ, ಕಿರುಬೆರಳಿನಷ್ಟು ಉದ್ದದ ಉಕ್ಕಿನ ತುಂಡು ಅದು.

ಆಲೂರಿನ ಟೈಲರು ಅದನ್ನು ಅಂಗೈ ಮೇಲೆ ಹೊರಳಿಸಿ ನೋಡಿ, "ಇದು ನಮ್ ತಾತನ ಕಾಲದ್ದು ಕಣಮ್ಮ. ಈಗೆಲ್ಲ ಗುಂಡನೇ ಬಾಬಿನ್ ಬರೋದು. ಹೊಸ ಮಿಷನ್ ತಗಂಬುಡಿ" ಅಂದ. ಹಾಸನದಲ್ಲೂ ಸಿಗಲಿಲ್ಲ.

ಅತ್ತೆ ಮಿಷನ್ನಿನ ಮೇಲೆ ಹಳೆಯ ಟವೆಲ್ಲು ಹೊದಿಸಿ, ಅದರ ಮುಂದೆ ತಾವು ಕೂರುತ್ತಿದ್ದ ಮಣೆಯನ್ನು ಒಯ್ದು ಅಡುಗೆಮನೆಯಲ್ಲಿಟ್ಟರು. ಮಣೆ ಜಾಗ ಬದಲಾಯಿಸಿದ್ದು ನೋಡಿ ಅವರು ಆಸೆ ಬಿಟ್ಟರೆಂದು ನನಗೆ ಅರ್ಥವಾಯಿತು. ನಮ್ಮೂರಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಲಿ, ಕಾಫಿ ತೋಟದ ಕೂಲಿ ಲೈನಿನಲ್ಲಿ ಹುಟ್ಟಲಿ, ಮೊದಲ ಕುಲಾವಿ ಅತ್ತೆಯದೇ. ತಮ್ಮ ಹಳೆಯ ನೂಲಿನ ಸೀರೆಯನ್ನೇ ಕತ್ತರಿಸಿ ಹೊಲಿಯುತ್ತಿದ್ದರು. ಒಗೆದೊಗೆದು ಮೆತ್ತಗಾದ ಬಟ್ಟೆಯೇ ಕೂಸಿನ ತಲೆಗೆ ಹಿತ ಅನ್ನುತ್ತಿದ್ದರು. ನನ್ನ ಮಕ್ಕಳಿಬ್ಬರೂ ಅವನ್ನು ಹಾಕಿಕೊಂಡೇ ಬೆಳೆದವರು. ಕಣ್ಣಿನ ಆಪರೇಷನ್ ಆದ ಮೇಲೆ ಕೈಸೂಜಿ ಅವರಿಗೆ ಕಾಣುತ್ತಿರಲಿಲ್ಲ, ಆದರೆ ಮಿಷನ್ನಿನ ಮುಂದೆ ಕೂತರೆ ಬೆರಳುಗಳೇ ದಾರಿ ಹಿಡಿಯುತ್ತಿದ್ದವು. ನಾದಿನಿಗೆ ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಈ ಸಲ ಆರು ತುಂಬಿ ಏಳಕ್ಕೆ ಬಿದ್ದಿತ್ತು. ಹುಟ್ಟುವ ಮೊದಲೇ ಬಟ್ಟೆ ಹೊಲಿಯಬಾರದು ಎಂಬುದು ನಮ್ಮ ಕಡೆಯ ನಂಬಿಕೆ, ಹಾಗಾಗಿ ಅತ್ತೆ ಸೀರೆಯನ್ನೂ ಎತ್ತಿಟ್ಟಿರಲಿಲ್ಲ. ಆದರೆ ಸ್ವಂತ ಮಗಳ ಕೂಸಿಗೆ ಅಂಗಡಿಯ ಟೋಪಿ ಹಾಕಬೇಕಾದೀತು ಎಂಬ ಚಿಂತೆ ಅವರ ಮುಖದಲ್ಲಿ ಕೂತಿತ್ತು.

ಅಷ್ಟು ಹೊತ್ತಿಗೆ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಆಲೂರಿನ ಎಸ್‌ಟಿಡಿ ಬೂತಿನವರು ಬೂತಿನ ಒಳಕೋಣೆಯಲ್ಲೇ ಕಂಪ್ಯೂಟರ್ ಇಟ್ಟು ಬ್ರೌಸಿಂಗ್ ಸೆಂಟರ್ ಮಾಡಿದ್ದರು. ನನ್ನ ವಯಸ್ಸಿನವರೇ, ಆದರೂ ನನ್ನನ್ನು ಅಕ್ಕ ಅನ್ನುತ್ತಿದ್ದರು. ಶಟಲ್ಲಿನ ಕಥೆ ಕೇಳಿ ಅವರೇ ಹುಡುಕಿ ತೋರಿಸಿದರು: ಹಳೆಯ ಸಾಮಾನುಗಳ ಹರಾಜು ನಡೆಯುವ ಒಂದು ಸೈಟು, ಅದರಲ್ಲಿ ಹಳೆಯ ಮಿಷನ್ನುಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಚೆನ್ನೈ ಕಡೆಯ ಒಬ್ಬರು. ಫೋಟೋದಲ್ಲಿ ಥೇಟ್ ನಮ್ಮದೇ ಶಟಲ್ಲು. ನನಗೆ ಅಲ್ಲೇ ಕೈ ಮುಗಿಯುವಷ್ಟು ಸಂತೋಷವಾಯಿತು.

ಹರಾಜು ಒಂದು ವಾರದ್ದು. ಸಂತೆಗೆ, ಔಷಧಿಗೆ ಎಂದು ಆಲೂರಿಗೆ ಹೋದಾಗಲೆಲ್ಲ ನಾನು ಒಂದಿಷ್ಟು ಏರಿಸುವುದು, ಯಾರೋ ಅದರ ಮೇಲೆ ಹೋಗುವುದು, ನಾನು ಮತ್ತೆ ಏರಿಸುವುದು. ಮುಗಿಯುವ ದಿನ ಮಧ್ಯಾಹ್ನ ಕಂಪ್ಯೂಟರ್ ಮುಂದೆ ಸೆರಗು ಬಿಗಿದು ಕೂತಿದ್ದೆ. ನನ್ನದೇ ಮೇಲಿತ್ತು. ಗಡಿಯಾರ ಸೊನ್ನೆಯ ಹತ್ತಿರ ಬಂತು. ಕಣ್ಣು ಮಿಟುಕಿಸುವುದರೊಳಗೆ ಬೇರೆ ಯಾರದೋ ಹೆಸರು, ನನಗಿಂತ ಒಂದೇ ಒಂದು ಮೆಟ್ಟಿಲು ಮೇಲೆ. ಹೆಸರೂ ಅಲ್ಲ, ಬರೀ ಅಕ್ಷರ ಅಂಕಿಗಳ ಗೊಂಚಲು.

"ಮುಗೀತು ಅಕ್ಕ" ಅಂದರು ಬೂತಿನವರು.

"ನಾನಿನ್ನೂ ಹೇಳೋಳಿದ್ದೆನಲ್ಲ."

"ಅದು ನಿಮಗೋಸ್ಕರ ನಿಲ್ಲಲ್ಲ. ಇವ್ನು ಕೊನೇ ಗಳಿಗೆಗೇ ಕಾದು ಕೂತಿದ್ದ. ತುಂಬಾ ಜನ ಹಂಗೇ ಮಾಡೋದು."

ಮನೆಗೆ ಬಂದು ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. "ಮೂರ್ ಸರ್ತಿ ಕೂಗ್ಲಿಲ್ವಾ?"

ಅವರಿಗೆ ಗೊತ್ತಿದ್ದ ಹರಾಜು ನಮ್ಮೂರ ದೇವಸ್ಥಾನದ್ದು. ಪೂಜೆ ಮುಗಿದ ಮೇಲೆ ದೇವರ ಮುಂದಿಟ್ಟ ಬಾಳೆಗೊನೆ, ಕುಂಬಳಕಾಯಿ, ಮೊದಲ ಕಾಯಿ ಎಲ್ಲವನ್ನೂ ಅಲ್ಲೇ ಹರಾಜು ಕೂಗುತ್ತಾರೆ. ಕೂಗುವ ಹಿರಿಯರು ಒಂದು ಸರ್ತಿ, ಎರಡು ಸರ್ತಿ ಎಂದ ಮೇಲೆ ಎಲ್ಲರ ಮುಖ ನೋಡುತ್ತಾರೆ. ಯಾರಾದರೂ ಬಾಯಿ ತೆರೆದರೆ ಮತ್ತೆ ಒಂದರಿಂದ. ಇನ್ನೊಂದು ಪದ್ಧತಿಯೂ ಇದೆ. ಯಾರಿಗಾದರೂ ಆ ಕಾಯಿ ಹರಕೆಗೋ, ಕಾಯಿಲೆಯವರಿಗೋ ಬೇಕಿದ್ದರೆ ಬಾಯಿಬಿಟ್ಟು ಹೇಳುತ್ತಾರೆ. ಆಮೇಲೆ ಬೇರೆಯವರು ಏರಿಸುವುದಿಲ್ಲ.

"ಕಂಪ್ಯೂಟರ್ ಏನ್ ನಮ್ಮೂರ ಗೌಡ್ರೇನವ್ವಾ, ಮಕ ನೋಡಕೆ" ಎಂದು ನಮ್ಮನೆಯವರು ನಕ್ಕರು. "ಅವ್ನು ಮಾಡಿದ್ದು ಜಾಣತನ. ಕಾಪಿ ಮಾರುವಾಗ ನಾನೂ ಕೊನೇತನಕ ಬಾಯ್ ಬಿಡಲ್ಲ."

"ಅಣ್ಣ ಹೇಳೋದು ಸರಿ. ಅತ್ತಿಗೆ, ನೀವೂ ಕೊನೇಲೇ ಹಾಕ್ಬುಡಿ" ಅಂದಳು ನಾದಿನಿ, ಸೊಂಟಕ್ಕೆ ಕೈಕೊಟ್ಟು.

"ಎದುರಿಗಿರೋರಿಗೆ ಮಾತಾಡಾಕೇ ಬುಡದೆ ಗೆಲ್ಲೋದು ಅದ್ಯಾವ ಗೆಲುವು" ಎಂದು ಅತ್ತೆ ಮತ್ತೆ ಮೊರ ಎತ್ತಿಕೊಂಡರು.

ನನಗೆ ಎರಡೂ ಕಡೆ ಸರಿ ಅನಿಸಿತು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಕಲಿಸಿದ್ದು ಕೈಯೆತ್ತಿ, ಸರದಿ ಬರುವವರೆಗೆ ಕಾಯುವುದನ್ನು. ಎತ್ತಿದ ಕೈ ಕಾಣದ ಜಾಗದಲ್ಲಿ ಏನು ಮಾಡಬೇಕು ಎಂದು ಅವರೂ ಹೇಳಿಕೊಟ್ಟಿರಲಿಲ್ಲ.

ಚೆನ್ನೈಯವರು ಮತ್ತೊಂದು ಶಟಲ್ಲು ಹಾಕಿದರು. ಈ ಸಲ ನಾನು ನಮ್ಮೂರ ಪದ್ಧತಿಯನ್ನೇ ಪಾಲಿಸಿದೆ. ಮಾರುವವರನ್ನು ಪ್ರಶ್ನೆ ಕೇಳಲು ಒಂದು ಜಾಗವಿತ್ತು. ಅಲ್ಲಿ ಬರೆದದ್ದು ಎಲ್ಲರಿಗೂ ಕಾಣುತ್ತಿತ್ತು. ಸಿಸ್ಟರ್ ಕಲಿಸಿದ ಇಂಗ್ಲಿಷಿನಲ್ಲಿ ಮಾರ್ಜಿನ್ನು ಬಿಟ್ಟು ಕಾಗದ ಬರೆಯುವಷ್ಟೇ ಶ್ರದ್ಧೆಯಿಂದ ಬರೆದೆ: ನಮ್ಮ ಅತ್ತೆಯ ಮಿಷನ್ನು ನಿಂತಿದೆ, ಊರಿನ ಹಸುಗೂಸುಗಳಿಗೆಲ್ಲ ಕುಲಾವಿ ಹೊಲಿಯುವವರು ಅವರು, ಈಗ ನಮ್ಮ ಮನೆಯಲ್ಲೇ ಮಗು ಹುಟ್ಟುವುದಿದೆ, ಬೇರೆಯವರಿಗೆ ಅವಸರವಿಲ್ಲದಿದ್ದರೆ ದಯವಿಟ್ಟು ಇದನ್ನು ನಮಗೆ ಬಿಟ್ಟುಕೊಡಿ.

ಬೂತಿನವರು ಹಿಂದೆ ನಿಂತು ಓದಿ ತಲೆ ಕೆರೆದುಕೊಂಡರು. "ಅಕ್ಕ, ಹರಾಜಿನಲ್ಲಿ ಯಾರಾದ್ರೂ ಇಂಗೆ ಬರೀತಾರಾ? ನಿಮಗೆ ಬೇಕೇ ಬೇಕು ಅಂತ ಗೊತ್ತಾದ್ರೆ ಇನ್ನೂ ಏರಿಸ್ತಾರೆ."

ಅವರ ಮಾತಿಗೆ ಹೆದರಿ, ಕೊನೆಯ ಗಳಿಗೆಯ ಉಪಾಯವನ್ನೂ ಮಾಡೋಣ ಎಂದುಕೊಂಡೆ. ಗಡಿಯಾರ ಮುಗಿಯಲು ಬಂದಾಗ ಅಂಕಿ ಒತ್ತಿದೆ. ಆಲೂರಿನ ಫೋನ್ ಲೈನು. ಪುಟ ಬಿಳಿಯಾಗಿ ನಿಂತಿತು. ಮತ್ತೆ ತೆರೆದುಕೊಂಡಾಗ ಹರಾಜು ಮುಗಿದು, ಅದೇ ಅಕ್ಷರ ಅಂಕಿಗಳ ಗೊಂಚಲು ಮೇಲಿತ್ತು. ನನ್ನದು ಹೋಗಿ ಮುಟ್ಟಿಯೇ ಇರಲಿಲ್ಲ.

ಮೂರನೆಯದು ಬಂದಾಗ ನಾದಿನಿಗೆ ದಿನ ಹತ್ತಿರವಾಗಿತ್ತು. ಅದೇ ಮಾತನ್ನು ಅದರ ಕೆಳಗೂ ಬರೆದಿದ್ದೆ. ಅತ್ತೆ ತಾವೂ ಬರುತ್ತೇನೆಂದರು. ಒಳ್ಳೆಯ ಸೀರೆ ಉಟ್ಟು, ಮುರಿದ ಶಟಲ್ಲನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಸ್ ಹತ್ತಿದರು. ಬೂತಿನ ಒಳಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತು ಫೋಟೋವನ್ನೂ ಕೈಯಲ್ಲಿದ್ದುದನ್ನೂ ಹೋಲಿಸಿ ನೋಡಿದರು.

"ಆ ಪುಣ್ಯಾತ್ಮ ಯಾರಪ್ಪ, ಎಲ್ಲ ಅವ್ನೇ ತಗಂಡ್ ಏನ್ ಮಾಡ್ತಾನೆ?"

"ರಿಪೇರಿ ಮಾಡೋನಿರ್ಬೇಕಮ್ಮ. ಅವ್ನದೇನೂ ತಪ್ಪಿಲ್ಲ ಬಿಡಿ, ನಿಯಮದಲ್ಲೇ ಐತೆ. ಬಸ್ಸಿನ ಕಿಟಕೀಲಿ ಟವೆಲ್ ಹಾಕಿ ಸೀಟ್ ಹಿಡಿಯಲ್ವಾ, ಹಂಗೆ."

"ಟವೆಲ್ ಹಾಕ್ದೋನೂ ಬಸುರಿ ಬಂದ್ರೆ ಎದ್ದು ಜಾಗ ಬುಡ್ತಾನಲ್ಲ ಮಾರಾಯ."

ಬೂತಿನವರು ನಕ್ಕುಬಿಟ್ಟರು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ನಾನು ಅಲ್ಲಿಯವರೆಗೆ ಓದದೆ ಬಿಟ್ಟಿದ್ದ ಒಂದು ಸಾಲನ್ನು ವಿವರಿಸಿದರು. ನಮ್ಮ ಕೈಲಾಗುವ ಪೂರ್ತಿ ಮೊತ್ತವನ್ನು ಒಮ್ಮೆಗೇ ಹೇಳಿಬಿಡಬಹುದಂತೆ. ಸೈಟು ಅದನ್ನು ಯಾರಿಗೂ ತೋರಿಸುವುದಿಲ್ಲ. ಬೇರೆಯವರು ಏರಿಸಿದಾಗ ಮಾತ್ರ ನಮ್ಮ ಪರವಾಗಿ ಒಂದೊಂದೇ ಮೆಟ್ಟಿಲು ಏರಿಸುತ್ತದೆ. ಕೊನೆಯ ಗಳಿಗೆಯಲ್ಲಿ ಯಾರು ಬಂದರೂ ನಮ್ಮ ಮಿತಿ ದಾಟಿದರೆ ಮಾತ್ರ ಅವರಿಗೆ. ಅದನ್ನು ಕೇಳುತ್ತಾ ನನಗೆ ಒಂದು ವಿಷಯ ಹೊಳೆಯಿತು. ಆತ ತನ್ನ ಗಳಿಗೆಯನ್ನು ಮುಚ್ಚಿಟ್ಟುಕೊಂಡಿದ್ದರೆ ನಾನು ನನ್ನ ಮಿತಿಯನ್ನು ಮುಚ್ಚಿಟ್ಟುಕೊಂಡು, ಅಗ್ಗಕ್ಕೆ ಸಿಕ್ಕೀತೆಂದು ಚೂರುಚೂರೇ ಏರಿಸುತ್ತಿದ್ದೆ. ಅವನನ್ನು ಬೈಯುವಷ್ಟು ದೂರದಲ್ಲಿ ನಾನೇನೂ ನಿಂತಿರಲಿಲ್ಲ.

"ನಮ್ ಕೈಲಿ ಎಷ್ಟಾಗ್ತದೋ ಅಷ್ಟನ್ನೂ ಈಗ್ಲೇ ಹೇಳ್ಬುಡವ್ವ" ಅಂದರು ಅತ್ತೆ. "ಅದ್ರ ಮೇಲೆ ಹೋದ್ರೆ ಅವ್ನಿಗೇ ಇರ್ಲಿ. ಕಾಯ್ಕಂಡ್ ಕೂತ್ರೆ ನಮ್ಮೂರ್ ಕಡೆ ಹೊಸಕೋಟೆ ಬಸ್ ಹೋಗ್ಬುಡ್ತದೆ."

ಹೇಳಿದೆ. ಗಡಿಯಾರ ಮುಗಿಯುವುದನ್ನು ನೋಡದೆ ಇಬ್ಬರೂ ಬಸ್ಸಿಗೆ ಬಂದೆವು. ಕಿಟಕಿ ಪಕ್ಕ ಕೂತ ಅತ್ತೆ ದಾರಿಯುದ್ದಕ್ಕೂ ರಾಗಿ ಹೊಲಗಳ ಬಗ್ಗೆ ಮಾತಾಡಿದರು, ಶಟಲ್ಲಿನ ಸುದ್ದಿಯನ್ನೇ ಎತ್ತಲಿಲ್ಲ. ಆದರೆ ಕರ್ಚೀಫಿನ ಗಂಟನ್ನು ಬಿಚ್ಚುವುದು, ಮತ್ತೆ ಕಟ್ಟುವುದು ನಡೆದೇ ಇತ್ತು.

ಮರುದಿನ ಬೂತಿನವರೇ ಮನೆಗೆ ಫೋನ್ ಮಾಡಿದರು. "ಅಕ್ಕ, ನಿಮ್ದೇ ಆಯ್ತು. ನೀವ್ ಹೇಳಿದ್ದರಲ್ಲಿ ಅರ್ಧದಷ್ಟೂ ಏರ್ಲಿಲ್ಲ. ಕೊನೇಲಿ ಯಾರೂ ಬರ್ಲೇ ಇಲ್ಲ."

"ಆ ಇನ್ನೊಬ್ಬರು?"

"ಅವ್ನೂ ಇಲ್ಲ. ಸಾಕಾಗಿರ್ಬೇಕು, ಎರಡು ತಗಂಡವ್ನಲ್ಲ."

ಅತ್ತೆಗೆ ಹೇಳಿದೆ. ಅವರು "ನೀನ್ ಬರ್ದಿದ್ದ ಓದವ್ನೆ ಬುಡು. ಅವ್ನ ಮನೆ ತಣ್ಣಗಿರ್ಲಿ" ಅಂದರು.

ಓದಿದನೋ, ಸಾಕಾಯಿತೋ, ಅಂದು ಅವನ ಊರಲ್ಲೂ ಫೋನ್ ಲೈನು ಕೈಕೊಟ್ಟಿತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಅತ್ತೆಯ ಲೆಕ್ಕವನ್ನೇ ನಾನೂ ನಂಬಿಕೊಂಡಿದ್ದೇನೆ. ಮುಖ ನೋಡದ ಒಬ್ಬ ಮನುಷ್ಯ ಸುಮ್ಮನಿದ್ದುದಕ್ಕೆ ಋಣಿಯಾಗಿರುವುದರಲ್ಲಿ ನಷ್ಟವೇನೂ ಇಲ್ಲ. ಬೂತಿನವರಿಗಂತೂ ಆ ವರ್ಷದ ಮೊದಲ ಕಿತ್ತಳೆ ಒಂದು ಬುಟ್ಟಿ ಕಳಿಸಿದೆವು.

ಪಾರ್ಸೆಲ್ಲು ಬಂದದ್ದು ವಿಪಿಪಿಯಲ್ಲಿ. ಪೋಸ್ಟ್‌ಮ್ಯಾನಿಗೆ ಹಣ ಕೊಟ್ಟು ಬಿಡಿಸಿಕೊಂಡೆವು. ಅಷ್ಟರಲ್ಲಿ ನಾದಿನಿ ಹೆಣ್ಣು ಮಗು ಹೆತ್ತು ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಕೂಸಿಗೆ ತಲೆತುಂಬ ಕೂದಲು, ಮೂಗು ಮಾತ್ರ ನಮ್ಮನೆಯವರದು. ಹತ್ತಿಯಲ್ಲಿ ಸುತ್ತಿದ್ದ ಶಟಲ್ಲನ್ನು ಅತ್ತೆ ಎಣ್ಣೆ ಬಟ್ಟೆಯಲ್ಲಿ ಒರೆಸಿ, ತಟ್ಟೆ ಸರಿಸಿ ಒಳಗಿಟ್ಟರು. ಒಮ್ಮೆಗೇ ಕೂತುಕೊಂಡಿತು. ಅಡುಗೆಮನೆಯಿಂದ ಮಣೆ ಬಂತು. ಪೆಟ್ಟಿಗೆಯಿಂದ ತಿಳಿನೀಲಿಯ ಹಳೆಯ ಸೀರೆ ಬಂತು.

ಎರಡು ಸುತ್ತು ತಿರುಗಿಸಿದ ಮೇಲೆ ಅವರು ಭುಜ ಹಿಡಿದುಕೊಂಡು ನನ್ನ ಕಡೆ ನೋಡಿದರು. ಮೂರು ತಿಂಗಳು ಮಿಷನ್ ಮುಟ್ಟದೆ ಕೈ ಅಭ್ಯಾಸ ತಪ್ಪಿತ್ತು. ನಾನು ಪಕ್ಕದಲ್ಲಿ ಕೂತು ಚಕ್ರದ ಹಿಡಿ ಹಿಡಿದೆ. ಅವರು ಎರಡೂ ಕೈಗಳಿಂದ ಬಟ್ಟೆಯನ್ನು ಸೂಜಿಯಡಿ ನಡೆಸಿದರು.

"ಜೋರಾಗ್ ಬ್ಯಾಡ ಕಣವ್ವ" ಅಂದರು. "ಕಿವಿ ಹತ್ರ ತಿರುವು ಬರ್ತದೆ."

ನಾನು ಮೆಲ್ಲಗೆ ತಿರುಗಿಸಿದೆ.